ಇಪ್ಪತ್ತು ಪರ್ಸೆಂಟಿನ ಅಕ್ಕ

ಪುಂಜಾಲಕಟ್ಟೆಯ ಧನರಾಜನಿಗೆ ಹೊಟ್ಟೆಕಿಚ್ಚು ಎಂಬುದು ಇರಲಿಲ್ಲ. ಯಾರೂ ಕೇಳದಿದ್ದರೂ ಇದನ್ನು ಅವನೇ ದಿನಕ್ಕೆ ಮೂರು ನಾಲ್ಕು ಸಲ ಹೇಳುತ್ತಿದ್ದ. ಬೆಳಿಗ್ಗೆ ತನ್ನ ಸ್ಟುಡಿಯೋದ ಶಟರ್ ಎತ್ತುವಾಗ ಪಕ್ಕದ ಮೊಬೈಲ್ ಅಂಗಡಿಯ ಝಿಯಾದನಿಗೆ ಒಮ್ಮೆ, ಹತ್ತು ಗಂಟೆಯ ಚಾ ಬಂದಾಗ ಇನ್ನೊಮ್ಮೆ, ಮಧ್ಯಾಹ್ನ ಊಟಕ್ಕೆ ಹೋದರೆ ಹೆಂಡತಿಗೆ, ಅವಳು ಕೈಗೆ ಸಿಗದಿದ್ದರೆ ತಾಯಿಗೆ.

"ಅಶೋಕ ಒಳ್ಳೆ ಹುಡುಗ. ಅವನ ಮೇಲೆ ನನಗೆ ಎಂಥದ್ದೂ ಇಲ್ಲ ಮಾರಾಯ. ಆದರೆ ಆ ಮೋಡ ಉಂಟಲ್ಲ, ಅದು ಸ್ವಲ್ಪ ಜಾಸ್ತಿ ಆಯ್ತು."

ಝಿಯಾದ್ ಸ್ಕ್ರೂಡ್ರೈವರನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ತಲೆಯಾಡಿಸುತ್ತಿದ್ದ. ಯಾವ ಮೋಡ ಎಂದು ಅವನು ಕೇಳುತ್ತಿರಲಿಲ್ಲ. ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ಆ ಮೋಡವನ್ನು ನೋಡದವರೇ ಇರಲಿಲ್ಲ.

ಮೋಡ ಲಾಯಿಲದ್ದು. ಅಲ್ಲಿ ಸ್ಟುಡಿಯೋ ಇಟ್ಟಿದ್ದ ಅಶೋಕ ಒಬ್ಬ ಹುಡುಗಿಯ ನೃತ್ಯವನ್ನು ಮೂರು ನಿಮಿಷದ ವಿಡಿಯೋ ಮಾಡಿದ್ದ. ಹುಡುಗಿ ಕಾಲಿಟ್ಟಲ್ಲೆಲ್ಲ ನೆಲವಿಲ್ಲ, ಮೋಡ. ಕೈ ಚಾಚಿದರೆ ಆ ಕೈಯ ಬೆನ್ನಿಗೆ ಇನ್ನೊಂದು ಕೈ, ಅದರ ಬೆನ್ನಿಗೆ ಮತ್ತೊಂದು. ಸುತ್ತು ತಿರುಗಿದರೆ ಒಬ್ಬಳ ಒಳಗಿಂದ ಇನ್ನೊಬ್ಬಳು ಹೊರಬಂದು, ಐದು ಜನರಾಗಿ, ಮತ್ತೆ ನಿಧಾನಕ್ಕೆ ಒಬ್ಬಳೇ ಆಗುತ್ತಿದ್ದಳು. ಸೆರಗು ಗಾಳಿಯಲ್ಲಿ ಹಾರುತ್ತಿರಲಿಲ್ಲ, ನೀರಿನಲ್ಲಿ ತೇಲುತ್ತಿತ್ತು. ನೋಡಿದವರೆಲ್ಲ ಕನಸು ಕಂಡ ಹಾಗಾಯಿತು ಎಂದರು. ಕನಸು ಕಾಣಲು ವಿಡಿಯೋ ಯಾಕೆ ಬೇಕು, ಮಲಗಿದರೆ ಸಾಲದೇ ಎಂದು ಕೇಳಿದವನು ಧನರಾಜ ಒಬ್ಬನೇ.

ಹದಿನೆಂಟು ವರ್ಷದಿಂದ ಅವನೂ ಇದೇ ಕಸುಬಿನವನು. ಮದುಮಗಳನ್ನು ಹೃದಯದ ಆಕಾರದ ಒಳಗಿಂದ ಹೊರತರುವುದರಲ್ಲಿ, ಮದುಮಗನ ತಲೆಯ ಮೇಲೆ ಗುಲಾಬಿ ದಳ ಸುರಿಸುವುದರಲ್ಲಿ ಆ ಸುತ್ತಿನಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಒಂದು ಮದುವೆಯಲ್ಲಿ ಗುಲಾಬಿ ದಳ ನಿಲ್ಲಿಸಲು ಮರೆತು, ಅದು ಊಟದ ಪಂಕ್ತಿಯ ಮೇಲೂ ಬಿದ್ದು, ಬಡಿಸುವವರ ಸಾರಿನ ಬಾಲ್ದಿಯೊಳಗೂ ಬಿದ್ದಿತ್ತು. ಅದನ್ನೂ ಜನ ಮೆಚ್ಚಿಕೊಂಡಿದ್ದರು. ಅಂಥ ಜನ ಈಗ ಮೋಡ ನೋಡುತ್ತಿದ್ದರು.

ಬೇರೆಯವರು ನೋಡಲಿ. ಒಂದು ದಿನ ಹೆಂಡತಿ ಸುಪ್ರೀತಾಳ ವಾಟ್ಸಾಪ್ ಸ್ಟೇಟಸ್ಸಿನಲ್ಲೇ ಆ ಮೋಡ ಕಾಣಿಸಿತು. ಆ ದಿನ ಧನರಾಜ ಎರಡನೇ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ. ಸುಪ್ರೀತಾ ಬಹಳ ತಾಳ್ಮೆಯಿಂದ, ಚಂದ ಉಂಟೆಂದು ಹಾಕಿದ್ದು, ನೀವೂ ಮಾಡಿ, ನಿಮ್ಮದನ್ನೂ ಹಾಕುತ್ತೇನೆ ಎಂದಳು. ಈ ಸಮಾಧಾನದ ಮಾತು ಅವನಿಗೆ ಮೋಡಕ್ಕಿಂತ ಹೆಚ್ಚು ಚುಚ್ಚಿತು.

ಇದು ಇಷ್ಟಕ್ಕೇ ನಿಂತಿದ್ದರೆ ಎಲ್ಲ ಹೊಟ್ಟೆಕಿಚ್ಚಿನ ಹಾಗೆ ಒಂದಷ್ಟು ದಿನ ಉರಿದು ಬೂದಿಯಾಗುತ್ತಿತ್ತು. ಆದರೆ ಮೂಡುಬಿದಿರೆಯ ಡ್ಯಾನ್ಸ್ ಟೀಚರ್ ಅದಕ್ಕೆ ಗಾಳಿ ಹಾಕಿದರು. ಧನರಾಜನ ಮಗಳು ಮೋಕ್ಷಿತಾ ಪ್ರತಿ ಆದಿತ್ಯವಾರ ಬಸ್ಸಿನಲ್ಲಿ ಹೋಗಿ ಭರತನಾಟ್ಯ ಕಲಿಯುವುದು ಅವರಲ್ಲೇ. ಕ್ಲಾಸಿಗೆ ಇಪ್ಪತ್ತೈದು ವರ್ಷ ತುಂಬುವುದರಿಂದ ಎಲ್ಲ ಮಕ್ಕಳ ನೃತ್ಯವನ್ನೂ ವಿಡಿಯೋ ಮಾಡಿಸಿ, ಸಭಾಭವನದಲ್ಲಿ ದೊಡ್ಡ ಪರದೆಯ ಮೇಲೆ ತೋರಿಸುವುದೆಂದು ನಿಶ್ಚಯವಾಗಿತ್ತು. ಕನಸಿನ ಹಾಗೆ ಇರಬೇಕು ಎಂದಿದ್ದರು ಟೀಚರ್. ಮಾಡುವವರಲ್ಲಿ ಅವರಿಗೆ ಗೊತ್ತಿದ್ದದ್ದು ಎರಡೇ ಹೆಸರು, ಲಾಯಿಲದ ಅಶೋಕ ಮತ್ತು ಪುಂಜಾಲಕಟ್ಟೆಯ ಧನರಾಜ. ಇಬ್ಬರೂ ಒಂದೊಂದು ಸಣ್ಣ ಮಾದರಿ ಕಳಿಸಲಿ, ಚಂದವಿದ್ದವರಿಗೆ ಕೆಲಸ.

ತನ್ನ ಮಗಳು ಕುಣಿಯುವುದನ್ನು ಅಶೋಕ ಚಿತ್ರೀಕರಿಸುವುದು, ತಾನು ಮೂರನೇ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಚಪ್ಪಾಳೆ ತಟ್ಟುವುದು. ಧನರಾಜನಿಗೆ ಹಗಲಿಡೀ ಇದೇ ಚಿತ್ರ ಕಣ್ಣಮುಂದೆ ಬಂತು. ಮೋಕ್ಷಿತಾಳಿಗೆ ಹನ್ನೆರಡು ವರ್ಷ, ಮನಸ್ಸಿನಲ್ಲಿದ್ದದ್ದನ್ನು ಹೇಳಿಬಿಡುವ ಪ್ರಾಯ.

"ಅಪ್ಪ, ಅಶೋಕಣ್ಣನಿಗೆ ಸಿಕ್ಕಿದರೆ ನಾನೂ ಐದು ಜನ ಆಗ್ತೇನೆ ಅಲ್ವಾ?"

"ನನಗೆ ಸಿಕ್ಕಿದರೆ ನೀನು ಹತ್ತು ಜನ ಆಗ್ತಿ," ಎಂದ ಧನರಾಜ.

ಮುಂದಿನ ಆದಿತ್ಯವಾರವೇ ಮನೆಯಂಗಳದಲ್ಲಿ ಶೂಟಿಂಗ್ ಆಯಿತು. ಎರಡು ಬೆಡ್‌ಶೀಟನ್ನೂ ತೀರಿಹೋದ ಅಪ್ಪನ ಒಂದು ಬಿಳಿ ಪಂಚೆಯನ್ನೂ ಬಟ್ಟೆ ಒಣಹಾಕುವ ಸರಿಗೆಗೆ ಸಿಕ್ಕಿಸಿ ಪರದೆ ಮಾಡಿದ. ಬಲಗಡೆಯಲ್ಲಿ ಬಾವಿಕಟ್ಟೆಯ ಒಂದು ಮೂಲೆ ಪರದೆಯಿಂದ ಹೊರಗೆ ಇಣುಕುತ್ತಿತ್ತು. ಹೊಗೆಯಲ್ಲಿ ಅದೆಲ್ಲ ಕಾಣುವುದಿಲ್ಲ ಎಂದು ಬಿಟ್ಟ. ಹೊಗೆಗೆ ಹಳೆಯ ಕಬ್ಬಿಣದ ಬಾಣಲೆಯಲ್ಲಿ ತೆಂಗಿನ ಸಿಪ್ಪೆ, ಮೇಲಿಂದ ಧಾರಾಳವಾಗಿ ಲೋಬಾನ. ಮೋಕ್ಷಿತಾ ಮೊದಲರ್ಧ ಬಹಳ ಚಂದವಾಗಿ ಕುಣಿದಳು. ಉಳಿದರ್ಧದಲ್ಲಿ, ನವರಸಗಳಲ್ಲಿ ಎಲ್ಲಿಯೂ ಹೇಳಿರದ ಹತ್ತನೆಯ ರಸವೊಂದು ಅವಳ ಮುಖದಲ್ಲಿ ಕಾಣಿಸಿಕೊಂಡಿತು. ಸುಪ್ರೀತಾ ಓಡಿಬಂದು ಬಾಣಲೆಯ ಮೇಲೆ ಒಂದು ಕೊಡ ನೀರು ಸುರಿದದ್ದರಿಂದ ಕಲೆ ಅಲ್ಲಿಗೆ ನಿಂತಿತು.

ಎಡಿಟಿಂಗಿಗೆ ಮೂರು ದಿನ ಹಿಡಿಯಿತು. ಧನರಾಜನ ಗುರು ಮೊಬೈಲಿನಲ್ಲಿ ಪಾಠ ಹೇಳುವ ಒಬ್ಬ ಉತ್ತರದ ಹುಡುಗ. ಅವನ ಹಿಂದಿ ಬಹಳ ವೇಗ. ಧನರಾಜನಿಗೆ ದಕ್ಕಿದ್ದು ಎರಡೇ ಸೂತ್ರ. ಒಂದೇ ನೃತ್ಯದ ಎರಡು ಪ್ರತಿ ಮಾಡಿ ಒಂದರ ಮೇಲೊಂದು ಇಡು. ಮೇಲಿನದನ್ನು ತೆಳ್ಳಗೆ ಮಾಡು. ಎಷ್ಟು ತೆಳ್ಳಗೆ, ನೀರುದೋಸೆಯಷ್ಟು ಸಾಕಾ ಎಂದು ಚಾ ತಂದ ಸುಪ್ರೀತಾ ಕೇಳಿದಳು. ಅದು ಸರಿಯಾದ ಪ್ರಶ್ನೆಯೇ ಆಗಿತ್ತು. ನಲವತ್ತು ಪರ್ಸೆಂಟ್ ಇಟ್ಟರೆ ಮಗಳ ಹಿಂದೆ ಅವಳ ಅವಳಿ ನಿಂತ ಹಾಗೆ ಕಾಣುತ್ತಿತ್ತು. ಹತ್ತು ಇಟ್ಟರೆ ಏನೂ ಕಾಣುತ್ತಿರಲಿಲ್ಲ. ಕನಸಿನ ದಪ್ಪ ಇಪ್ಪತ್ತು ಪರ್ಸೆಂಟ್ ಎಂದು ಧನರಾಜ ತೀರ್ಮಾನಿಸಿದ. ಅಷ್ಟು ಸಾಲದೆಂದು ಮೇಲಿನ ಪ್ರತಿಯನ್ನು ಕನ್ನಡಿಯ ಹಾಗೆ ಎಡಬಲ ತಿರುಗಿಸಿದ, ವೇಗ ಅರ್ಧ ಮಾಡಿದ, ದೂರದಲ್ಲಿರುವಂತೆ ಸ್ವಲ್ಪ ಸಣ್ಣ ಮಾಡಿದ, ಮಸುಕು ಮಾಡಿದ, ಪಾದದ ಜಾಗವನ್ನು ಹೊಗೆಯಲ್ಲಿ ಒರೆಸಿಬಿಟ್ಟ. ಮುಗಿಸಿ ನೋಡಿದರೆ ಮೋಕ್ಷಿತಾಳ ಬೆನ್ನ ಹಿಂದೆ, ಎಡಬದಿಯಲ್ಲಿ, ಬಿಳಚಿಕೊಂಡ ಒಂದು ಹುಡುಗಿ ನೆಲ ಮುಟ್ಟದೆ ತನ್ನಷ್ಟಕ್ಕೆ ಕುಣಿಯುತ್ತಿದ್ದಳು. ಧನರಾಜನಿಗೇ ಮೈ ಜುಂ ಎಂದಿತು. ಟೀಚರಿಗೆ ಕಳಿಸಿದ, ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದ, ಸಂಜೆ ಮನೆಯವರನ್ನೆಲ್ಲ ಕೂರಿಸಿ ಟಿವಿಯಲ್ಲಿ ತೋರಿಸಿದ.

ಅವನ ತಾಯಿ ನೀಲಾವತಿ ಬಸಳೆ ಸೊಪ್ಪು ಬಿಡಿಸುತ್ತ ಕುಳಿತಿದ್ದವರು ಕೈ ನಿಲ್ಲಿಸಿದರು.

"ಹಿಂದೆ ಇರುವುದು ಯಾರು?"

"ಮೋಕ್ಷಿತಾನೇ ಅಮ್ಮ. ಅದು ಇಫೆಕ್ಟ್."

"ಮೋಕ್ಷಿತಾ ಬಲಗೈಯವಳು. ಇವಳು ಎಡಚಿ." ನೀಲಾವತಿ ಸೊಪ್ಪನ್ನು ಬದಿಗೆ ಸರಿಸಿದರು. "ನಮ್ಮ ವಾರಿಜಾ ಎಡಚಿ ಇದ್ದದ್ದು."

ವಾರಿಜಾ ನೀಲಾವತಿಯವರ ಮೊದಲನೆಯ ಮಗು. ಒಂದೂವರೆ ವರ್ಷದಲ್ಲಿ ಜ್ವರ ಬಂದು ತೀರಿಕೊಂಡದ್ದು, ಧನರಾಜ ಹುಟ್ಟುವುದಕ್ಕೂ ಎರಡು ವರ್ಷ ಮೊದಲು. ಒಂದು ಫೋಟೋ ಕೂಡ ಇರಲಿಲ್ಲ. ಮಳೆಗಾಲದ ಆಟಿ ತಿಂಗಳಲ್ಲಿ, ತೀರಿಹೋದ ಹಿರಿಯರಿಗೆ ಎಲೆ ಹಾಕಿ ಬಡಿಸುವಾಗ ಸಾಲಿನ ಕೊನೆಗೆ ಒಂದು ಚಿಕ್ಕ ಎಲೆ ಇರುತ್ತಿತ್ತು. ಧನರಾಜನಿಗೆ ತನ್ನ ಅಕ್ಕ ಎಂದರೆ ಆ ಚಿಕ್ಕ ಎಲೆ, ಅಷ್ಟೇ.

ಮರುದಿನ ಬೆಳಗಾಗುವಾಗ ಹುಕ್ರಪ್ಪ ಮಾವ ಜಗಲಿಯಲ್ಲಿದ್ದರು. ಇವರು ನೀಲಾವತಿಯವರ ಅಣ್ಣ. ಮದುವೆಯಾಗದೆ ತೀರಿಹೋದ ಮಕ್ಕಳು ಆಚೆ ಲೋಕದಲ್ಲೂ ಬೆಳೆಯುತ್ತಾರೆ, ಪ್ರಾಯಕ್ಕೆ ಬಂದ ಮೇಲೆ ಮದುವೆ ಮಾಡಿಸಿ ಎಂದು ಮನೆಯವರಿಗೆ ಏನಾದರೊಂದು ಗುರುತು ಕೊಡುತ್ತಾರೆ ಎಂಬುದು ಆ ಕಡೆಯ ನಂಬಿಕೆ. ಆಗ ಅದೇ ರೀತಿ ಗಂಡುಮಗು ತೀರಿಕೊಂಡ ಮನೆಯೊಂದನ್ನು ಹುಡುಕಿ, ಆಟಿಯಲ್ಲಿ ಒಂದು ಮಣೆಯ ಮೇಲೆ ಸೀರೆ, ಇನ್ನೊಂದು ಮಣೆಯ ಮೇಲೆ ಪಂಚೆ ಇಟ್ಟು, ಧಾರೆ ಎರೆದು, ಸಂಬಂಧ ಮಾಡಿಕೊಳ್ಳುತ್ತಾರೆ. ಪ್ರೇತಮದುವೆ ಎನ್ನುವುದು ಅದಕ್ಕೇ. ಹುಕ್ರಪ್ಪ ಮಾವ ಇಂಥ ಮೂರು ಮದುವೆಗಳನ್ನು ಕುದುರಿಸಿದ್ದರು. ಬದುಕಿದ್ದವರಲ್ಲಿ ಒಂದೂ ಕುದುರಿರಲಿಲ್ಲ. ಸ್ವಂತ ಮಗ ಭವಿತ್ ಮೂವತ್ತನಾಲ್ಕು ತುಂಬಿ ಮನೆಯಲ್ಲೇ ಇದ್ದ.

ಮಾವ ವಿಡಿಯೋವನ್ನು ನಾಲ್ಕು ಸಲ ನೋಡಿದರು. ಮೊದಲ ಸಲ ಕನ್ನಡಕ ಹಾಕಿಕೊಂಡು, ಎರಡನೇ ಸಲ ತೆಗೆದು. ಪಾದ ನೆಲಕ್ಕೆ ತಾಗುವುದಿಲ್ಲ ಎಂಬುದನ್ನು ಬೆರಳಿಟ್ಟು ತೋರಿಸಿದರು. ವಾರಿಜಾಳಿಗೆ ಈಗ ನಲವತ್ತೆರಡು ಆಗಬೇಕಿತ್ತಲ್ಲ, ಈ ಹುಡುಗಿ ಚಿಕ್ಕವಳಲ್ಲವೇ ಎಂದು ಸುಪ್ರೀತಾ ಕೇಳಿದ್ದಕ್ಕೆ, ಮಸುಕಾಗಿ ಉಂಟು, ಹನ್ನೆರಡೂ ಆಗಬಹುದು, ನಲವತ್ತೂ ಆಗಬಹುದು ಎಂದರು. ಮೂರನೇ ಸಲ ನೋಡುವಾಗ ಅವರ ಕಣ್ಣಿಗೆ ಎಡಬದಿಯಲ್ಲಿ ಮಬ್ಬಾಗಿ ಇನ್ನೊಂದು ಬಾವಿಕಟ್ಟೆ ಬಿತ್ತು.

"ಹಾಂ. ಅಲ್ಲಿ ಮೊದಲು ಒಂದು ಬಾವಿ ಇತ್ತು. ತೀರಿಹೋದ ಭಾವನೇ ಮುಚ್ಚಿಸಿದ್ದು."

"ಅದು ದನದ ಹಟ್ಟಿಯ ಹಿಂದೆ ಅಲ್ವಾ ಅಣ್ಣ?" ಎಂದರು ನೀಲಾವತಿ.

"ಇತ್ತು ಅಂದ ಮೇಲೆ ಇತ್ತು. ಅವಳ ಕಾಲದ ಬಾವಿಯನ್ನು ಅವಳು ತೋರಿಸದೆ ಮತ್ತೆ ಯಾರು ತೋರಿಸ್ಲಿಕ್ಕೆ?"

ಅನಂತರ ಎಲ್ಲವೂ ತನ್ನಷ್ಟಕ್ಕೆ ಹೊಂದಿಕೊಂಡಿತು. ಧನರಾಜನ ಡ್ರೋನ್ ತೆಂಗಿನ ಮರಕ್ಕೆ ಸಿಕ್ಕಿಕೊಂಡದ್ದು ಯಾಕೆ, ಮಿಕ್ಸಿ ಒಂದೇ ವರ್ಷದಲ್ಲಿ ಎರಡು ಸಲ ಸುಟ್ಟದ್ದು ಯಾಕೆ, ಭವಿತ್‌ಗೆ ನೋಡಿದ ಏಳು ಹೆಣ್ಣುಗಳೂ ಒಲ್ಲೆ ಎಂದದ್ದು ಯಾಕೆ. ಅತ್ತೆಯ ಮಗಳಿಗೇ ಮದುವೆಯಾಗದಿರುವಾಗ ಭವಿತ್‌ಗೆ ಹೇಗಾದೀತು? ಈ ಕೊನೆಯದನ್ನು ಭವಿತ್ ಬಹಳ ಸಂತೋಷದಿಂದ ಒಪ್ಪಿಕೊಂಡನಂತೆ.

ಧನರಾಜ ಅಲ್ಲಿಯೇ ಬಾಯಿ ಬಿಡಬೇಕಿತ್ತು. ಬಿಡಬೇಕೆಂದು ಸ್ಟುಡಿಯೋಗೆ ಹೋಗುವವರೆಗೂ ಇತ್ತು. ಆದರೆ ಅಷ್ಟರಲ್ಲಿ ಮಾವ ವಿಡಿಯೋವನ್ನು ತಮಗೆ ಗೊತ್ತಿದ್ದ ಎಲ್ಲ ಗುಂಪುಗಳಿಗೂ ಕಳಿಸಿಯಾಗಿತ್ತು. ಸ್ಟುಡಿಯೋದ ಮುಂದೆ ಏಳೆಂಟು ಜನ ನಿಂತಿದ್ದರು. ಬೆಳ್ತಂಗಡಿ ಬಸ್ಸಿನ ಕಂಡಕ್ಟರ್ ಇಳಿದು ಬಂದು ಒಮ್ಮೆ ನೋಡಿಹೋದ. ಬಸ್ಸು ಕಾದಿತ್ತು. ಗುಂಪಿನಲ್ಲಿ ಯಾರೋ, ಅಶೋಕನದ್ದು ಬರೇ ಕಂಪ್ಯೂಟರ್, ನಿಮ್ಮದು ನಿಜವಾದದ್ದು, ಅಲ್ವಾ ಧನರಾಜಣ್ಣ ಎಂದು ಕೇಳಿದರು.

ಧನರಾಜ ಸುಳ್ಳು ಹೇಳಿದ ಎನ್ನುವುದು ನ್ಯಾಯವಲ್ಲ. ಅವನು ತಲೆಯನ್ನು ಒಂದು ಬದಿಗೆ ಸ್ವಲ್ಪ ವಾಲಿಸಿದ, ಅಷ್ಟೇ. ಅದನ್ನು ಅವರವರು ಬೇಕಾದ ಹಾಗೆ ತೆಗೆದುಕೊಂಡರು.

"ನಿಮಗೆ ಖುಷಿ ಆಯ್ತು ಅಂತ ಕಾಣ್ತದೆ," ಎಂದ ಝಿಯಾದ್, ಜನ ಹೋದ ಮೇಲೆ.

"ಅಶೋಕ ನೋಡಿರಬಹುದಾ?" ಎಂದ ಧನರಾಜ.

ನಾಲ್ಕು ದಿನ ಅವನು ಹೀಗೆ ಸುಖದಲ್ಲಿದ್ದ. ಅಶೋಕನ ಮೋಡ ಸುಪ್ರೀತಾಳ ಸ್ಟೇಟಸ್ಸಿನಿಂದ ಮಾತ್ರವಲ್ಲ, ಊರಿನ ಬಾಯಿಂದಲೇ ಇಳಿದುಹೋಗಿತ್ತು. ಆದರೆ ಒಂದು ವಿಚಿತ್ರವನ್ನು ಧನರಾಜ ಗಮನಿಸಿದ. ಎಲ್ಲರೂ ವಿಡಿಯೋ ಹೊಗಳುತ್ತಿದ್ದರು. ಅವನನ್ನು ಯಾರೂ ಹೊಗಳುತ್ತಿರಲಿಲ್ಲ. ಹೊಗಳಿಕೆಯೆಲ್ಲ ವಾರಿಜಾಳಿಗೇ ಹೋಗುತ್ತಿತ್ತು. ತಾನು ಹುಟ್ಟುವುದಕ್ಕೆ ಮೊದಲೇ ತೀರಿಹೋದ ಅಕ್ಕನ ಮೇಲೆ ಹೊಟ್ಟೆಕಿಚ್ಚು ಪಡುವುದು ಸಾಧ್ಯವೇ ಎಂದು ಯಾರಾದರೂ ಕೇಳಿದರೆ, ಪುಂಜಾಲಕಟ್ಟೆಯಲ್ಲಿ ಅದಕ್ಕೆ ದೃಷ್ಟಾಂತವಿದೆ ಎನ್ನಬೇಕು.

ಐದನೆಯ ದಿನ ಮೂಡುಬಿದಿರೆಯಿಂದ ಟೀಚರ್ ಫೋನ್ ಮಾಡಿದರು. ವಿಡಿಯೋ ಭಾರೀ ಚಂದ ಉಂಟು ಎಂದು ಆರಂಭಿಸಿದರು. ಆದರೆ ಅದು ನೀವು ಮಾಡಿದ್ದಲ್ಲವಂತೆ, ತಾನಾಗಿ ಬಂದದ್ದಂತೆ, ಮಕ್ಕಳ ತಾಯಂದಿರು ಒಬ್ಬರ ಮೇಲೊಬ್ಬರು ಫೋನ್ ಮಾಡುತ್ತಿದ್ದಾರೆ, ತಮ್ಮ ಮಕ್ಕಳ ಹಿಂದೆ ಯಾರೂ ಬಂದು ಕುಣಿಯುವುದು ಬೇಡವಂತೆ ಎಂದರು.

"ನಾನೇ ಮಾಡಿದ್ದು ಟೀಚರ್. ಸತ್ಯವಾಗಿ. ಇಪ್ಪತ್ತು ಪರ್ಸೆಂಟ್ ಇಟ್ಟದ್ದು."

"ಹಾಗಾದರೆ ನಿಮ್ಮ ಮನೆಯವರು ಗಂಡು ಹುಡುಕ್ತಾ ಇರುವುದು ಯಾರಿಗೆ?"

ಟೀಚರ್ ಒಳ್ಳೆಯವರು, ಒಂದು ದಾರಿ ತೋರಿಸಿದರು. ಈ ಕೆಲಸ ಗೊತ್ತಿರುವವರು ಯಾರಾದರೂ ನೋಡಿ, ಇದು ಕಂಪ್ಯೂಟರಿನಲ್ಲಿ ಮಾಡಿದ್ದೇ ಹೌದು ಎಂದು ಹೇಳಲಿ. ತಾಯಂದಿರು ನಂಬುತ್ತಾರೆ, ಕೆಲಸ ನಿಮಗೇ ಕೊಡುವ. ಇಲ್ಲವಾದರೆ ಅಶೋಕ ಇದ್ದಾನಲ್ಲ. ಫೋನ್ ಇಟ್ಟ ಮೇಲೆ ಧನರಾಜ ಬೆರಳು ಮಡಚಿ ಎಣಿಸಿದ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ಕಡೆ ಸೇರಿಸಿ ಈ ಕೆಲಸ ಗೊತ್ತಿದ್ದವನು ಒಬ್ಬನೇ ಇದ್ದ. ಅವನ ಹೆಸರು ಅಶೋಕ.

ಮೊದಲು ಮನೆಯಲ್ಲಾದರೂ ಸತ್ಯ ಹೇಳಿಬಿಡುವ ಎಂದು ಲ್ಯಾಪ್‌ಟಾಪ್ ಹಿಡಿದುಕೊಂಡು ತಾಯಿಯ ಮುಂದೆ ಕುಳಿತ. ಹುಕ್ರಪ್ಪ ಮಾವನೂ ಇದ್ದರು. ಇದು ಕೆಳಗಿನ ಪದರ ಅಮ್ಮ, ಇದು ಮೇಲಿನದು, ನೋಡಿ ಎಂದು ಗುಂಡಿ ಒತ್ತಿದ. ಹಿಂದಿನ ಹುಡುಗಿ ಮಾಯವಾದಳು. ಮತ್ತೆ ಒತ್ತಿದ. ಬಂದಳು. ಒತ್ತಿದ, ಹೋದಳು.

"ನೋಡು ನೀಲಾವತಿ," ಎಂದರು ಮಾವ ಕೈಮುಗಿದು, "ಎಷ್ಟಾದರೂ ತಮ್ಮನಲ್ಲವಾ. ಬಾ ಅಂದರೆ ಬರ್ತಾಳೆ, ಹೋಗು ಅಂದರೆ ಹೋಗ್ತಾಳೆ."

ಧನರಾಜ ತಾಯಿಯ ಕಡೆಗೆ ತಿರುಗಿದ. ನೀಲಾವತಿ ಮಡಿಲಲ್ಲಿ ಒಂದು ಹಳೆಯ ಟಿನ್ನಿನ ಡಬ್ಬಿ ಇಟ್ಟುಕೊಂಡಿದ್ದರು. ಅದರಲ್ಲಿ ಎರಡು ಕಪ್ಪು ಬಳೆ, ಹೆಬ್ಬೆರಳು ಕೂಡ ತೂರದಷ್ಟು ಸಣ್ಣವು. ಈ ಡಬ್ಬಿಯನ್ನು ಅವನು ಜನ್ಮದಲ್ಲಿ ನೋಡಿರಲಿಲ್ಲ.

"ನಿನ್ನ ಪದರ ಗಿದರ ನನಗೆ ಅರ್ಥ ಆಗುವುದಿಲ್ಲ ಮಗ," ಎಂದರು ಅವರು. "ಅವಳನ್ನೊಂದು ಮನೆಗೆ ಕೊಟ್ಟುಬಿಟ್ಟರೆ ನನಗೆ ಸಮಾಧಾನ."

ಧನರಾಜ ಲ್ಯಾಪ್‌ಟಾಪ್ ಮುಚ್ಚಿದ.

ಹತ್ತು ದಿನದಲ್ಲಿ ಮಾವ ಗಂಡು ಹುಡುಕಿಕೊಂಡು ಬಂದರು. ಲಾಯಿಲದಲ್ಲಿ ಒಳ್ಳೆಯ ಮನೆತನ. ಬರಿ ಬೇರೆ, ಅಂದರೆ ಕುಲದ ಬಳ್ಳಿ ಬೇರೆ, ಮದುವೆಗೆ ಅಡ್ಡಿಯಿಲ್ಲ. ಹುಡುಗ ಹುಡುಗಿಗಿಂತ ಎರಡು ವರ್ಷಕ್ಕೆ ದೊಡ್ಡವನು, ಹೆಸರು ಚಿನ್ನಯ್ಯ, ಎರಡನೇ ವರ್ಷದಲ್ಲಿ ತೀರಿಕೊಂಡದ್ದು. ಕೆಟ್ಟ ಅಭ್ಯಾಸ ಒಂದೂ ಇಲ್ಲ ಎಂದು ಮಾವ ಖಾತ್ರಿ ಕೊಟ್ಟರು. ಕೆಲಸ ಏನು ಎಂದು ಸುಪ್ರೀತಾ ಅಭ್ಯಾಸಬಲದಿಂದ ಕೇಳಿ, ನಾಲಿಗೆ ಕಚ್ಚಿಕೊಂಡಳು. ಧನರಾಜ ಯಾವ ಮನೆ ಎಂದು ಕೇಳಲೇ ಇಲ್ಲ. ಒಮ್ಮೆ ಮುಗಿದರೆ ಸಾಕಾಗಿತ್ತು ಅವನಿಗೆ.

ಗಂಡಿನ ಕಡೆಯವರು ನೋಡಲು ಬಂದ ದಿನ ಅವನು ಬಿಳಿ ಅಂಗಿ ಹಾಕಿಕೊಂಡು ಮೆಟ್ಟಿಲಲ್ಲಿ ನಿಂತಿದ್ದ. ರಿಕ್ಷಾದಿಂದ ಮೊದಲು ಒಬ್ಬರು ವಯಸ್ಸಾದ ತಾಯಿ ಇಳಿದರು. ಆಮೇಲೆ ಬಾಳೆಹಣ್ಣಿನ ಗೊನೆ ಇಳಿಯಿತು. ಗೊನೆಯ ಹಿಂದೆ ಅಶೋಕ ಇಳಿದ.

"ಧನರಾಜಣ್ಣ," ಎಂದ ಅಶೋಕ. "ನಿಮ್ಮದೇ ಮನೆಯಾ ಇದು?"

"ನಿನ್ನ ಅಣ್ಣನಾ ಚಿನ್ನಯ್ಯ?" ಎಂದ ಧನರಾಜ. ಅವನ ಕಣ್ಣು ಅಶೋಕ ಕ್ಯಾಮೆರಾ ತಂದಿದ್ದಾನೋ ಎಂದು ರಿಕ್ಷಾದ ಒಳಗೆಲ್ಲ ಹುಡುಕಿತು. ತಂದಿರಲಿಲ್ಲ.

ಒಳಗೆ ತಾಯಂದಿರಿಬ್ಬರೂ ಒಂದೇ ಚಾಪೆಯಲ್ಲಿ ಕುಳಿತರು. ಹುಕ್ರಪ್ಪ ಮಾವ ಸೀರೆಯ ಬಣ್ಣ, ಧಾರೆಯ ದಿನ, ಕೋಳಿ ಎಷ್ಟು ಎಂಬುದನ್ನೆಲ್ಲ ಮಾತಾಡುತ್ತಿದ್ದರು. ಇವರಿಬ್ಬರು ಅದನ್ನು ಕೇಳಿಸಿಕೊಳ್ಳುತ್ತಿರಲಿಲ್ಲ. ನಮ್ಮವನಿಗೆ ಬೆಲ್ಲ ಎಂದರೆ ಜೀವ ಎಂದು ಅಶೋಕನ ತಾಯಿ ಹೇಳಿದರು. ನಮ್ಮವಳು ಎಡಗೈಯಲ್ಲಿ ಡಬ್ಬಿಯಿಂದ ತೆಗೆದು ತಿನ್ನುತ್ತಿದ್ದಳು ಎಂದು ನೀಲಾವತಿ ಹೇಳಿದರು. ಹೊಂದಾಣಿಕೆಯಾಗುತ್ತದೆ ಎಂದು ಇಬ್ಬರಿಗೂ ಅನಿಸಿತು. ಜಾತಕ ನೋಡಿದ್ದರೂ ಇದಕ್ಕಿಂತ ಹೆಚ್ಚು ತಿಳಿಯುತ್ತಿರಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಅಶೋಕನ ತಾಯಿ, ನಾಚಿಕೊಂಡೇ, ಹುಡುಗಿಯನ್ನು ಒಮ್ಮೆ ತೋರಿಸುತ್ತೀರಾ ಎಂದು ಕೇಳಿದರು. ಮಾವ ಟಿವಿ ಹಾಕಿದರು.

ಎಲ್ಲರೂ ಟಿವಿ ನೋಡಿದರೆ ಧನರಾಜ ಅಶೋಕನ ಮುಖ ನೋಡುತ್ತಿದ್ದ. ಇಪ್ಪತ್ತು ಸೆಕೆಂಡಿಗೆ ಅಶೋಕನ ಹುಬ್ಬು ಮೇಲೆ ಹೋಯಿತು. ಆಮೇಲೆ ಅವನ ತಲೆ ಪರದೆಯ ಬಲಗಡೆಯ ಬಾವಿಯ ಕಡೆಗೆ ತಿರುಗಿತು, ಎಡಗಡೆಯ ಬಾವಿಯ ಕಡೆಗೆ ತಿರುಗಿತು, ಮತ್ತೆ ಬಲಕ್ಕೆ ಬಂತು. ತುಟಿಯ ಕೊನೆಯಲ್ಲಿ ಏನೋ ಕಾಣಿಸಿಕೊಳ್ಳುವಷ್ಟರಲ್ಲಿ ಅವನು ಚಾದ ಲೋಟ ಬಾಯಿಗಿಟ್ಟ. ಗೊತ್ತಾಯಿತು ಇವನಿಗೆ ಎಂದುಕೊಂಡ ಧನರಾಜ. ಇವನು ಒಂದು ಮಾತು ಹೇಳಿದರೆ ಮೂಡುಬಿದಿರೆಯ ಕೆಲಸ ತನ್ನದು, ಮೋಕ್ಷಿತಾಳನ್ನು ತಾನೇ ಚಿತ್ರೀಕರಿಸಬಹುದು. ಅದೇ ಮಾತಿಗೆ ಅಮ್ಮ ಆ ಡಬ್ಬಿಯನ್ನು ಮತ್ತೆ ಎಲ್ಲಿತ್ತೋ ಅಲ್ಲಿಗೇ ಇಡಬೇಕು. ಹೇಳು ಎಂದೂ ಹೇಳಬೇಡ ಎಂದೂ ಒಂದೇ ಉಸಿರಿನಲ್ಲಿ ಬೇಡಿಕೊಳ್ಳುವುದು ಎಷ್ಟು ಕಷ್ಟ ಎಂಬುದು ಅವನಿಗೆ ಆವತ್ತು ತಿಳಿಯಿತು.

"ನೀನು ಇದೇ ಕೆಲಸದವನಲ್ಲವಾ," ಎಂದರು ಮಾವ ಅಶೋಕನಿಗೆ. "ಕೆಲವರು ಇದು ಕಂಪ್ಯೂಟರಿನದ್ದು ಅಂತಾರೆ. ನೀನೇ ಹೇಳು. ಮಾಡಿದ್ದಾ, ಬಂದದ್ದಾ?"

ಅಶೋಕ ಲೋಟ ಕೆಳಗಿಟ್ಟ. ತನ್ನ ತಾಯಿಯನ್ನು ನೋಡಿದ. ಅವರು ಸೆರಗಿನ ತುದಿ ಕಣ್ಣಿಗೆ ಒತ್ತಿಕೊಂಡಿದ್ದರು. ಇನ್ನೊಂದು ಕೈ ನೀಲಾವತಿಯವರ ಕೈಯಲ್ಲಿತ್ತು.

"ನಾನು ಹತ್ತು ವರ್ಷದಿಂದ ಇದೇ ಮಾಡ್ತಾ ಇದ್ದೇನೆ," ಎಂದ. "ಇಷ್ಟು ಚಂದ ಮಾಡ್ಲಿಕ್ಕೆ ನಮ್ಮ ಕಡೆ ಯಾರಿಗೂ ಬರುವುದಿಲ್ಲ. ನನಗೂ ಬರುವುದಿಲ್ಲ. ಧನರಾಜಣ್ಣನಿಗಂತೂ ಬರುವುದೇ ಇಲ್ಲ."

ಮನೆಯಲ್ಲಿ ಎಲ್ಲರ ಉಸಿರು ಹಗುರವಾಯಿತು. ಧನರಾಜನದ್ದು ಮಾತ್ರ ಒಳಗೇ ನಿಂತಿತು. ಇದು ಹೊಗಳಿಕೆಯೋ ಬೈಗುಳವೋ ಎಂದು ಅವನು ಇಂದಿಗೂ ಯೋಚಿಸುತ್ತಿದ್ದಾನೆ.

ಊಟವಾಗಿ ಕೈತೊಳೆಯಲು ಬಾವಿಕಟ್ಟೆಗೆ ಹೋದಾಗ ಅಶೋಕ ಬೆನ್ನಿಗೇ ಬಂದ.

"ಭಾವ."

ಧನರಾಜ ಯಾರನ್ನು ಕರೆದದ್ದೆಂದು ಹಿಂದೆ ತಿರುಗಿ ನೋಡಿದ. ಬೇರೆ ಯಾರೂ ಇರಲಿಲ್ಲ. ಅಣ್ಣನ ಹೆಂಡತಿಯ ತಮ್ಮ ಭಾವನಲ್ಲದೆ ಮತ್ತೇನು?

"ಹುಡುಗಿಯನ್ನು ತಿರುಗಿಸುವಾಗ ಈ ಬಾವಿಯನ್ನೂ ತಿರುಗಿಸಿದ್ದೀರಿ ನೀವು," ಎಂದ ಅಶೋಕ, ಬಾವಿಕಟ್ಟೆ ತಟ್ಟಿ. "ಎಷ್ಟು ಇಟ್ಟದ್ದು?"

"ಇಪ್ಪತ್ತು."

"ನಾನಾದರೆ ಮೂವತ್ತೈದು ಇಡ್ತಿದ್ದೆ. ಇಪ್ಪತ್ತೇ ಸರಿ. ನಾನು ಹಾಕಿದ ಮೋಡದಲ್ಲಿ ಆ ಜುಂ ಅನ್ನುವುದು ಬರ್ಲಿಲ್ಲ."

ಇಷ್ಟು ದಿನದಲ್ಲಿ ಧನರಾಜನ ಕೆಲಸವನ್ನು ಧನರಾಜನ ಕೆಲಸವೆಂದು ಒಪ್ಪಿ ಹೊಗಳಿದವನು ಇವನೊಬ್ಬನೇ. ಅದೂ ಯಾರೂ ಕೇಳದ ಜಾಗದಲ್ಲಿ.

"ಮತ್ತೆ ಒಳಗೆ ಯಾಕೆ ಹಾಗೆ ಹೇಳಿದ್ದು?"

"ಅಮ್ಮ ಸೊಸೆಗೆ ಸೀರೆ ತೆಗೆದಾಗಿದೆ. ನನ್ನ ಮದುವೆಗೆ ಇಷ್ಟು ಖುಷಿ ಪಟ್ಟದ್ದು ನಾನು ನೋಡ್ಲಿಲ್ಲ." ಅಶೋಕ ಬಾವಿಯೊಳಗೆ ನೋಡಿದ. "ಚಿನ್ನಯ್ಯ ಇದ್ದಿದ್ದರೆ ಹೀಗೆ, ಚಿನ್ನಯ್ಯ ಇದ್ದಿದ್ದರೆ ಹಾಗೆ ಅಂತ ಕೇಳಿ ಕೇಳಿ ದೊಡ್ಡವನಾದವನು ನಾನು. ಅವನು ಒಂದು ತಪ್ಪು ಸಹ ಮಾಡಿದವನಲ್ಲ ನೋಡಿ. ಒಮ್ಮೆ ಮದುವೆ ಆಗ್ಲಿ ಮಾರಾಯ್ರೆ, ಆಮೇಲೆ ಗೊತ್ತಾಗ್ತದೆ ಅವನಿಗೂ."

ಧನರಾಜನಿಗೆ ಬಹಳ ದಿನಗಳ ಮೇಲೆ ಹೊಟ್ಟೆಯೊಳಗೆ ತಂಪಾಯಿತು. ಮೋಡದವನಿಗೂ ಹೊಟ್ಟೆಕಿಚ್ಚಿದೆ.

ಆಟಿಯ ಒಂದು ಮಂಗಳವಾರ ಲಾಯಿಲದಲ್ಲಿ ಮದುವೆ ನಡೆಯಿತು. ಮಕ್ಕಳು, ಮದುವೆಯಾಗದವರು ಇದನ್ನು ನೋಡಬಾರದು. ಹಾಗಾಗಿ ಮೋಕ್ಷಿತಾ ಮನೆಯಲ್ಲಿ ಉಳಿದಳು, ಭವಿತ್ ರಿಕ್ಷಾದಲ್ಲಿ ಕುಳಿತು ಊಟಕ್ಕೆ ಕಾದ. ವಿಡಿಯೋ ಯಾರು ಮಾಡುವುದೆಂಬ ಪ್ರಶ್ನೆ ಬಂದಾಗ ಹೆಣ್ಣಿನ ಕಡೆಯವರಿಗೆ ಹಕ್ಕು ಎಂದ ಧನರಾಜ, ಗಂಡಿನ ಮನೆಯಲ್ಲಿ ಗಂಡಿನವರಿಗೆ ಎಂದ ಅಶೋಕ. ತಾಯಂದಿರಿಬ್ಬರೂ ಒಟ್ಟಿಗೆ, ಎರಡೂ ಕ್ಯಾಮೆರಾ ಕಪಾಟಿನಲ್ಲಿಡಿ ಎಂದರು. ಹಾಗಾಗಿ ಭಾವಂದಿರು ಅಕ್ಕಪಕ್ಕದಲ್ಲಿ ಕೈಕಟ್ಟಿ ಕುಳಿತರು. ಹಸಿರು ಸೀರೆ ಒಂದು ಮಣೆಯ ಮೇಲೆ, ಪಂಚೆ ಶಾಲು ಇನ್ನೊಂದರ ಮೇಲೆ. ಸೀರೆಯ ಮೇಲೆ ಆ ಎರಡು ಕಪ್ಪು ಬಳೆ. ಧಾರೆಯ ನೀರು ಬೀಳುವಾಗ, ಇಲ್ಲಿ ಸ್ಲೋ ಮಾಡಬೇಕಿತ್ತು ಎಂದ ಅಶೋಕ ಮೆಲ್ಲಗೆ. ಹೌದು ಎಂದ ಧನರಾಜ. ಹೊರಡುವಾಗ ನೀಲಾವತಿ ಬಾಗಿಲಿನಲ್ಲಿ ಒಮ್ಮೆ ನಿಂತು ತಿರುಗಿ, ಹೆಣ್ಣು ಕೊಟ್ಟ ಎಲ್ಲ ತಾಯಂದಿರ ಹಾಗೆ, ಹೊಂದಿಕೊಂಡು ಹೋಗು ಮಗಳೇ ಎಂದು ಸೀರೆಗೆ ಹೇಳಿದರು. ಆಗ ಧನರಾಜನಿಗೆ ಸ್ಲೋ ಮೋಷನ್ನೂ ನೆನಪಾಗಲಿಲ್ಲ, ಏನೂ ನೆನಪಾಗಲಿಲ್ಲ.

ಮರುದಿನ ಟೀಚರ್ ಕೆಲಸವನ್ನು ಅಶೋಕನಿಗೆ ಕೊಟ್ಟರೆಂದು ಝಿಯಾದ್ ಹೇಳಿದ. ತಂಪಾಗಿದ್ದ ಹೊಟ್ಟೆ ಮತ್ತೆ ಹೊತ್ತಿಕೊಂಡಿತು. ಧನರಾಜ ಆ ದಿನ ಶಟರ್ ಅರ್ಧ ಮಾತ್ರ ಎತ್ತಿದ. ಮಧ್ಯಾಹ್ನದ ಹೊತ್ತಿಗೆ ಅದೇ ಅರ್ಧ ಶಟರಿನ ಅಡಿಯಿಂದ ಬಗ್ಗಿ ಅಶೋಕ ಒಳಗೆ ಬಂದ. ಕೈಯಲ್ಲಿ ಹಾರ್ಡ್‌ಡಿಸ್ಕ್ ಇತ್ತು.

"ಶೂಟಿಂಗ್ ನಾನು ಮಾಡ್ತೇನೆ. ಕನಸಿನ ಭಾಗ ಭಾವನದ್ದು ಅಂತ ಟೀಚರಿಗೆ ಹೇಳಿ ಬಂದಿದ್ದೇನೆ."

"ತಾಯಂದಿರು ಹೆದರ್ತಾರಲ್ಲ?"

"ಅದಕ್ಕೂ ಹೇಳಿದೆ. ಧನರಾಜಣ್ಣನ ಅಕ್ಕನಿಗೆ ಮದುವೆ ಆಯ್ತು, ಈಗ ಲಾಯಿಲದಲ್ಲಿ ಗಂಡನ ಮನೆಯಲ್ಲಿದ್ದಾಳೆ, ಇನ್ನು ಕುಣಿಲಿಕ್ಕೆ ಬರುವುದಿಲ್ಲ ಅಂತ. ಎಲ್ಲರಿಗೂ ಸಮಾಧಾನ ಆಯ್ತಂತೆ."

ಧನರಾಜನಿಗೆ ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದಿರಲಿಲ್ಲ. ಕೆಲಸದಲ್ಲಿ ಮೇಲಾದವನ ಮೇಲೆ ಹೊಟ್ಟೆಕಿಚ್ಚು ಪಡಬಹುದು. ಒಳ್ಳೆಯತನದಲ್ಲೂ ಮೇಲಾಗಿಬಿಟ್ಟರೆ ಮನುಷ್ಯ ಎಲ್ಲಿಗೆ ಹೋಗಬೇಕು? ಅವನು ಎದ್ದು ಶಟರನ್ನು ಪೂರ್ತಿ ಎತ್ತಿದ, ಎರಡು ಚಾ ಹೇಳಿದ.

ಮೂಡುಬಿದಿರೆಯ ಸಭಾಭವನದಲ್ಲಿ ಆ ದಿನ ಮೋಕ್ಷಿತಾ ದೊಡ್ಡ ಪರದೆಯ ಮೇಲೆ ಐದು ಜನರಾದಳು, ಆಮೇಲೆ ಅಪ್ಪ ಮಾತು ಕೊಟ್ಟಂತೆ ಹತ್ತಾದಳು. ಹತ್ತೂ ಜನ ಇಪ್ಪತ್ತು ಪರ್ಸೆಂಟ್. ಬಾವಿ ಒಂದೂ ಇರಲಿಲ್ಲ. ಧನರಾಜ ಮೂರನೇ ಸಾಲಿನ ಕುರ್ಚಿಯಲ್ಲೇ ಕುಳಿತಿದ್ದ. ಬದಿಯಲ್ಲಿ ಅಶೋಕನೂ ಇದ್ದ.

ಸುಪ್ರೀತಾ ಮಾತಿಗೆ ತಪ್ಪಲಿಲ್ಲ. ಮನೆಗೆ ಬರುವಾಗ ಬಸ್ಸಿನಲ್ಲೇ ಆ ಹತ್ತು ಜನರ ಭಾಗವನ್ನು ಸ್ಟೇಟಸ್ಸಿಗೆ ಹಾಕಿದಳು, ಕುಟುಂಬದ ಗುಂಪಿಗೂ ಹಾಕಿದಳು. ಧನರಾಜ ಅವಳ ಪಕ್ಕದಲ್ಲಿ ಕುಳಿತು, ನೋಡಿಯೂ ನೋಡದವನಂತೆ, ತನ್ನ ಮೊಬೈಲಿನಲ್ಲಿ ಗುಂಪು ತೆರೆದು ಕಾದ. ಮೊದಲು ಹುಕ್ರಪ್ಪ ಮಾವನ ಮಾತು ಬಂತು. ಕೆಲಸ ಎಂದರೆ ಇದು, ಅಶೋಕನ ಕೈಗೆ ಚಿನ್ನದ ಬಳೆ ಹಾಕಬೇಕು ಎಂದಿತ್ತು. ಅದರ ಕೆಳಗೆ ಭವಿತ್, ಅಶೋಕಣ್ಣ ಸೂಪರ್ ಎಂದ. ಅದರ ಕೆಳಗೆ ಹನ್ನೊಂದು ಜನ ಕೈಮುಗಿದರು.

ಧನರಾಜ ಬರೆಯತೊಡಗಿದ. ಈ ಭಾಗ ಯಾರದ್ದು, ಎಷ್ಟು ದಿನ ಹಿಡಿಯಿತು, ಇಪ್ಪತ್ತು ಪರ್ಸೆಂಟನ್ನು ಮೊದಲು ಕಂಡುಹಿಡಿದದ್ದು ಯಾರು ಎಂಬುದನ್ನೆಲ್ಲ ವಿವರವಾಗಿ ಬರೆದ. ಬಸ್ಸು ಎರಡು ಸ್ಟಾಪು ದಾಟಿತು. ಆಮೇಲೆ ಒಂದೊಂದೇ ಅಕ್ಷರ ಅಳಿಸುತ್ತ ಬಂದ. ಎಲ್ಲ ಅಳಿಸಿದ ಮೇಲೆ, ಅಷ್ಟು ಜನ ಹೊಗಳುವವನ ಮೇಲೆ ತನಗೂ ಒಂದು ಹಕ್ಕು ಉಂಟೆಂದು ತಿಳಿಯಲಿ ಎಂದು, ಇಷ್ಟೇ ಬರೆದು ಕಳಿಸಿದ:

"ಅವರು ನಮ್ಮ ಭಾವ."